ಕೆಲಸವಿಲ್ಲ ಎಂದು ಬರೆದವಳು

ಮಾಸ್ತರೇ,

ಆಸ್ಪತ್ರೆಯಲ್ಲಿ ನಿಮ್ಮನ್ನು ಕೊನೆಯ ಸಲ ನೋಡಿದ ಮಧ್ಯಾಹ್ನ ನಾನು ನಿಮಗೆ ಒಂದು ಸುಳ್ಳು ಹೇಳಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎಂದಿನಂತೆ ಬಿಸಿಲು, ಟ್ರಾಫಿಕ್ಕು ಅಂತ ಸುತ್ತಿ ಬಳಸಿ ಹಾಳೆ ಮುಗಿಸಿಬಿಡುತ್ತೇನೆ, ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಮೂಗಿನ ನಳಿಕೆಯನ್ನು ಸ್ವಲ್ಪ ಸರಿಸಿಕೊಂಡು ನೀವು ಕೇಳಿದಿರಿ, "ಶಶೀ, ಕೂಸುಗಳ ಶೆಡ್ ನಡದೈತೇನು?" ನಾನು, "ನಡದೈತ್ರಿ ಮಾಸ್ತರ, ಚಲೋ ನಡದೈತಿ" ಅಂದೆ. ಆ ಹೊತ್ತಿಗೆ ಶೆಡ್ಡನ್ನು ಕಿತ್ತುಹಾಕಿ ಒಂಬತ್ತು ದಿನವಾಗಿತ್ತು. ಕಿತ್ತದ್ದಕ್ಕೆ ಕಾರಣ ನಾನು ಬರೆದ ಒಂದು ಪುಟ. ನೀವು ತಲೆಯಾಡಿಸಿ ಕಣ್ಣು ಮುಚ್ಚಿದಿರಿ. ಅದಾಗಿ ನಾಲ್ಕನೇ ದಿನ ಹೋಗಿಬಿಟ್ಟಿರಿ.

ನೀವು ಹೋದ ದಿನ ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಶಶಿಕಲಾ ಭಾರಿ ಗಟ್ಟಿ ಹೆಣ್ಣು ಅಂದರು ಜನ. ಗಟ್ಟಿತನ ಎಲ್ಲಿಂದ ಬರಬೇಕು? ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಹಾಗಿದ್ದೇನೆ. ಮುಟ್ಟಿ ನೋಡಿದರೆ ಇದೆ, ಆದರೆ ನನ್ನದು ಅನ್ನಿಸುವುದಿಲ್ಲ. ಊಟ ಮಾಡುತ್ತೇನೆ, ಪಾಠ ಮಾಡುತ್ತೇನೆ. ನಿಮ್ಮ ಸಂತಾಪ ಸಭೆಯಲ್ಲಿ ಭಾಷಣವನ್ನೂ ಮಾಡಿದೆ, ನೀವು ಕಟ್ಟಿಸಿದ ಶೆಡ್ಡಿನ ಬಗ್ಗೆ. ಅದು ಈಗಿಲ್ಲ ಎಂದು ಅಲ್ಲೂ ಹೇಳಲಿಲ್ಲ.

ನಿಮ್ಮ ಮೊದಲ ತರಗತಿ ನೆನಪಿದೆ. ಯೂನಿವರ್ಸಿಟಿಯ ಪಕ್ಕದ ಗಚ್ಚಿಬೌಲಿಯಲ್ಲಿ ಹೊಸ ಕಟ್ಟಡಗಳಿಗೆಂದು ಆಗಿನ್ನೂ ಬಂಡೆಗಳನ್ನು ಸಿಡಿಸುತ್ತಿದ್ದರು. ನೀವು ಮಾತಾಡುತ್ತಿದ್ದಾಗ ಕಿಟಕಿ ಗಾಜು ಅದುರುತ್ತಿತ್ತು. ಎಲ್ಲರೂ ನಿಮ್ಮನ್ನು ಪ್ರೊಫೆಸರ್ ಅನ್ನುತ್ತಿದ್ದರೆ ನನ್ನ ಬಾಯಿಂದ 'ಮಾಸ್ತರ' ಅಂತ ಬಿತ್ತು. ಕ್ಲಾಸಿನವರೆಲ್ಲ ನಕ್ಕರು. ನೀವು ಬೆಂಚಿನ ಹತ್ತಿರ ಬಂದು, "ಯಾವೂರವ್ವಾ?" ಅಂದಿರಿ. ಮಾನ್ವಿ ಅಂದೆ. "ನಂದು ಸುರಪುರ. ನೀ ಮಾಸ್ತರ ಅಂತನ ಕರಿ. ಪ್ರೊಫೆಸರ್ ಅಂದ್ರ ಯಾರಿಗೋ ಕರ್ಯಾಕತ್ತಾರ ಅನಿಸ್ತೈತಿ ನಂಗ." ಆಮೇಲೆ ನಗು ನಿಂತಿತು, ಮಾಸ್ತರ ಅನ್ನುವುದು ನನ್ನೊಬ್ಬಳ ಹಕ್ಕಾಯಿತು.

ಅದೇ ದಿನ ಪಾಠ ಇದ್ದದ್ದು ಅಭಿವೃದ್ಧಿಯ ಮೊದಲ ಅಧ್ಯಾಯ. ನಮ್ಮಂಥ ದೇಶಗಳ ಹಳ್ಳಿಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೈಗಳಿವೆ, ಆ ಹೆಚ್ಚುವರಿ ಕೈಗಳನ್ನು ಪಟ್ಟಣಕ್ಕೆ ತಂದರೆ ಹಳ್ಳಿಗೆ ನಷ್ಟವೇನೂ ಇಲ್ಲ, ದೇಶ ಮುಂದಕ್ಕೆ ಹೋಗುತ್ತದೆ ಎಂದು ಅದರಲ್ಲಿತ್ತು. ನೀವು ಪುಸ್ತಕ ಮುಚ್ಚಿ ನಮ್ಮನ್ನೆಲ್ಲ ಹಿಂದಿನ ಗೇಟಿನಿಂದ ರಸ್ತೆ ದಾಟಿಸಿ, ಸಾಫ್ಟ್‌ವೇರ್ ಕಟ್ಟಡ ಏಳುತ್ತಿದ್ದ ಜಾಗದ ಕೂಲಿಕಾರರ ಗುಡಿಸಲುಗಳಿಗೆ ಕರೆದುಕೊಂಡು ಹೋದಿರಿ. ನಲ್ಲಿಯ ಹತ್ತಿರ ಸಾಬಮ್ಮ ಪಾತ್ರೆ ತಿಕ್ಕುತ್ತಿದ್ದಳು. ಯಾದಗಿರಿ ಕಡೆಯವಳು, ನನ್ನದೇ ವಯಸ್ಸು. ನೀವು ಕುಕ್ಕರುಗಾಲಲ್ಲಿ ಕೂತು, "ನೀ ಊರ ಬಿಟ್ಟು ಬಂದ ಮ್ಯಾಲೆ ಅಲ್ಲಿ ಯಾವ ಕೆಲಸ ನಿಂತಾವವ್ವಾ?" ಅಂತ ಕೇಳಿದಿರಿ. ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಎಲ್ಲಾ ನಿಂತಾವ್ರಿ. ನಮ್ಮ ಅತ್ತಿ ಮುದುಕಿ, ಕಣ್ಣ ಕಾಣಂಗಿಲ್ಲ, ಈಗ ಒಂದ ಹೊತ್ತು ಉಣ್ತಾಳ. ನೋಡವ್ರಿಲ್ಲಂತ ಎಮ್ಮಿ ಕೊಟ್ವಿ. ಹೊಲದ ಒಡ್ಡು ಒಡದೈತಂತ, ಹಾಕವ್ರಿಲ್ಲ. ಬಾಜೂ ಮನಿ ಹುಡುಗಿ ಬಾಣಂತನ ನಾ ಮಾಡಬೇಕಿತ್ತು, ಆಗಲಿಲ್ಲ." ಉಳಿದವರಿಗೆ ನೀವು ಅದನ್ನು ಹಿಂದಿಯಲ್ಲಿ ತಿಳಿಸಿದಿರಿ. ಕೊನೆಗೆ, ಪುಸ್ತಕದ ಪ್ರಕಾರ ಈಕೆ ಹೆಚ್ಚುವರಿ ಅಂದಿರಿ.

ವಾಪಸು ಬರುವಾಗ ನೀವು ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲಿ ಈಗಲೂ ಇದೆ. "ಪುಸ್ತಕ ಬರದವರು ತಮ್ಮ ಊರ ನೋಡಿ ಬರದಾರ, ಅದು ತಪ್ಪಲ್ಲ. ನಾವು ನಮ್ಮ ಊರ ನೋಡಲಾರದ ಅವರದನ್ನ ನಂಬಿದ್ರ ಅದು ನಮ್ಮ ತಪ್ಪು." ನಮ್ಮನ್ನು ಆಳಿದವರು ನಮ್ಮನ್ನು ಎಣಿಸಿದ್ದು ತಮಗೇನು ಸಿಗುತ್ತದೆ ಎಂದು ತಿಳಿಯಲು, ಅವರು ಹೋದರು, ಎಣಿಸುವ ಫಾರಂ ಮಾತ್ರ ಇಲ್ಲೇ ಉಳಿಯಿತು ಎಂದೂ ಹೇಳಿದಿರಿ. ಅವರು ನಡೆದ ದಾರಿಯಲ್ಲೇ ನಾವೂ ನಡೆದರೆ ಅವರ ಊರಿಗೇ ಹೋಗಿ ಮುಟ್ಟುತ್ತೇವೆ, ನಮ್ಮ ಊರಿಗೆ ಯಾರು ಹೋಗಬೇಕು? ನಾನು ಅದನ್ನೆಲ್ಲ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು.

ಜೋಡಿ ಎಂಬ ಪದ್ಧತಿಯನ್ನು ನನಗೆ ತಿಳಿಸಿಕೊಟ್ಟವರೂ ನೀವೇ. ನಮ್ಮ ಕಡೆಯ ಹಳ್ಳಿಗಳಿಂದ ಮೇಸ್ತ್ರಿ ಒಬ್ಬೊಬ್ಬರನ್ನು ಕರೆತರುವುದಿಲ್ಲ, ಗಂಡ ಹೆಂಡತಿಯನ್ನು ಕೂಡಿಸಿಯೇ ಕರೆತರುತ್ತಾನೆ. ಗಂಡ ಇಟ್ಟಿಗೆ ಕಟ್ಟಿದರೆ ಹೆಂಡತಿ ಗಾರೆ ಕಲಸಬೇಕು, ಬುಟ್ಟಿ ಹೊರಬೇಕು. ಹಾಜರಿ ಪುಸ್ತಕದಲ್ಲಿ ಮಾತ್ರ ಒಂದೇ ಹೆಸರು, 'ಭೀಮರಾಯ, ಜೋಡಿ' ಎಂದು. ಭೀಮರಾಯ ಅಂದರೆ ಸಾಬಮ್ಮನ ಗಂಡ. ಅವಳಿಗೆ ಜ್ವರ ಬಂದ ದಿನ ಅವನನ್ನೂ ಮೇಸ್ತ್ರಿ ವಾಪಸು ಕಳಿಸುತ್ತಿದ್ದ. ಅವಳಿಲ್ಲದೆ ಅವನಿಂದ ಒಂದು ಗೋಡೆ ಏಳುತ್ತಿರಲಿಲ್ಲ. ಆದರೂ ಅವಳ ಹೆಸರು ಯಾವ ಹಾಳೆಯಲ್ಲೂ ಇರಲಿಲ್ಲ.

ಆ ಹೆಂಗಸರು ತಮ್ಮ ಕೂಸುಗಳ ಕಾಲಿಗೆ ಹಳೆಯ ಸೀರೆಯ ಅಂಚು ಕಟ್ಟಿ ಕಂಬಕ್ಕೆ ಬಿಗಿದು ಕೆಲಸಕ್ಕೆ ಹೋಗುತ್ತಿದ್ದದ್ದನ್ನು ನೋಡಿ ಬಂದ ದಿನ ನೀವು ಊಟ ಮಾಡಲಿಲ್ಲ. ಮಾರನೆಯ ದಿನದಿಂದ ಸೈಟ್ ಆಫೀಸಿಗೆ ನಡೆಯಲು ಶುರು ಮಾಡಿದಿರಿ. ದುಡಿಯುವ ಹೆಂಗಸರಿದ್ದ ಕಡೆ ಅವರ ಮಕ್ಕಳಿಗೆ ಒಂದು ಜಾಗ ಕೊಡಬೇಕೆಂಬ ಕಾನೂನನ್ನು ಅವರ ಮುಂದೆ ಎಷ್ಟು ಸಲ ಓದಿದಿರೋ. ಕಾಡಿಸಿ ಕಾಡಿಸಿ ಕೊನೆಗೊಂದು ತಗಡಿನ ಶೆಡ್ ಬಂತು, ಒಳಗೆ ಚಾಪೆ, ಸೀರೆಯ ತೊಟ್ಟಿಲು, ನೋಡಿಕೊಳ್ಳಲು ಗುಡಿಸಲುಗಳದೇ ಒಬ್ಬ ಮುದುಕಿ. ನೀವು ಚುರುಮುರಿ ತರಿಸಿ ಹಂಚಿದಿರಿ. ಸಾಬಮ್ಮನ ಮಗಳು ಭಾಗಿ ಆಗ ಅಂಬೆಗಾಲಿಡುತ್ತಿದ್ದಳು. ಅಷ್ಟು ಖುಷಿಯಾಗಿ ನಿಮ್ಮನ್ನು ನಾನು ಮತ್ತೆ ನೋಡಲಿಲ್ಲ.

ವರದಿಯ ಕರಡನ್ನು ನಿಮ್ಮ ಮನೆಗೆ ತಂದ ಭಾನುವಾರಕ್ಕೆ ಬರುತ್ತೇನೆ. ಅಷ್ಟರಲ್ಲಿ ನಾನು ಸಂಶೋಧನಾ ಸಂಸ್ಥೆ ಸೇರಿದ್ದೆ. ಐಟಿ ಕಟ್ಟಡಗಳು ಬಂದದ್ದರಿಂದ ಸುತ್ತಲಿನ ಜನರಿಗೆ ಏನಾಯಿತು ಎಂದು ತಿಳಿಯುವ ಅಧ್ಯಯನ. ಮಾಡುವವಳು ನಾನು, ಸಲಹೆಗಾರರು ನೀವು. ಪ್ರಶ್ನಾವಳಿ ಹೊರದೇಶದಿಂದ ಬಂದದ್ದು, ಹತ್ತಾರು ದೇಶಗಳಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದರು. ಕಳೆದ ವಾರ ನಿಮ್ಮ ಹೆಸರಿನಲ್ಲಿ ಕೂಲಿ ಪಡೆದಿರಾ? ಇಲ್ಲವೆಂದರೆ, ಮನೆಯಲ್ಲಿರುವವರು, ಕೆಲಸವಿಲ್ಲ. ಜೋಡಿಯ ಹೆಂಗಸರನ್ನೆಲ್ಲ ನಾನು ಆ ಕಾಲಮಿಗೆ ಹಾಕಿದ್ದೆ. ನೀವು ಪೆನ್ಸಿಲ್ ಹಿಡಿದು ಓದುತ್ತಾ ಬಂದು ಒಂದು ಕಡೆ ನಿಂತಿರಿ.

"ಶಶೀ, ಸಾಬಮ್ಮ ಎಲ್ಲಿ?"

"ಅಲ್ಲೇ ಅದಾಳಲ್ರಿ, ಮನೆಯಲ್ಲಿರುವವರು ಅನ್ನೂದ್ರಾಗ."

"ಆಕಿ ಮನ್ಯಾಗ ಕುಂತದ್ದು ನೀ ಯಾವಾಗ ನೋಡೀದಿ?"

"ನನಗೂ ಗೊತ್ತೈತ್ರಿ ಮಾಸ್ತರ. ಆದ್ರ ಪ್ರಶ್ನೆ ಬದಲಿ ಮಾಡಿದ್ರ ಬ್ಯಾರೆ ದೇಶಕ್ಕ ಹೋಲಿಸಾಕ ಬರಂಗಿಲ್ಲ. ನಮ್ಮ ವರದಿ ಯಾರೂ ಓದಂಗಿಲ್ಲ."

"ಓದಲಿಲ್ಲಂದ್ರ ಏನಾತು? ಸುಳ್ಳ ಓದೂದಕಿಂತ ಚಲೋ ಅಲ್ಲ?"

ನೀವು ಅಂಚಿನಲ್ಲಿ 'ಜೋಡಿ ಅಂದರೆ ಇಬ್ಬರು' ಎಂದು ಬರೆದಿರಿ. ಆಮೇಲೆ ಕೆಮ್ಮು ಬಂತು, ನಿಮ್ಮ ಮನೆಯವರು ಬಂದು ಸಾಕು ಎಂದು ಎಬ್ಬಿಸಿಕೊಂಡು ಹೋದರು. ಕೆಮ್ಮು ಕಾಯಿಲೆಯಾಗಿ ನೀವು ಆಸ್ಪತ್ರೆ ಸೇರಿದಿರಿ. ನಾನು ರಬ್ಬರು ತೆಗೆದುಕೊಂಡು ಆ ಮೂರು ಪದಗಳನ್ನು ಅಳಿಸಿ, ಮೊದಲಿದ್ದಂತೆಯೇ ಅಚ್ಚಿಗೆ ಕಳಿಸಿದೆ. ಯಾಕೆ ಅಂತ ಕೇಳಿದರೆ ಏನು ಹೇಳಲಿ... ನನ್ನ ಪುಟ ಮೊದಲ ಸಲ ಹೊರಗಿನವರ ಪುಸ್ತಕಕ್ಕೆ ಸರಿಯಾಗಿ ಹೊಂದುತ್ತಿತ್ತು. ಒಂದು ಸೆಮಿನಾರಿಗೆ ಕರೆಯೂ ಬರುವುದಿತ್ತು. ಹೆಮ್ಮೆ, ಮಾಸ್ತರೇ, ಅದಕ್ಕೆ ಬೇರೆ ಹೆಸರಿಲ್ಲ. ಮೊದಲ ಪುಟದಲ್ಲಿ ಸಲಹೆಗಾರರು ಎಂದು ನಿಮ್ಮ ಹೆಸರು ಹಾಕಿಸಿದೆ.

"ಶೆಡ್ ಕಿತ್ರು ಅಕ್ಕೋರ" ಎಂದು ಸಾಬಮ್ಮ ಹೇಳಿದ್ದು ಬಸ್ ಸ್ಟಾಪಿನಲ್ಲಿ. ಸೈಟ್ ಆಫೀಸಿಗೆ ಸಿಟ್ಟಿನಿಂದಲೇ ಹೋದೆ. ಅಲ್ಲಿದ್ದ ಅಧಿಕಾರಿ ಕೂರಿಸಿ ನೀರು ಕೊಟ್ಟ. ಆಮೇಲೆ ನನ್ನ ವರದಿಯನ್ನೇ ತೆಗೆದು ಆ ಪುಟ ನನ್ನ ಕಡೆ ತಿರುಗಿಸಿದ. ಇಲ್ಲಿ ಹೆಂಗಸರು ಕೆಲಸವನ್ನೇ ಮಾಡುವುದಿಲ್ಲವಲ್ಲ ಮೇಡಂ, ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ನೀವೇ ಬರೆದಿದ್ದೀರಿ, ಮತ್ತೆ ಶೆಡ್ ಯಾಕೆ? ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ನಾನು ನೀರು ಕುಡಿದು ಎದ್ದು ಬಂದೆ. ಆಮೇಲೆ ನಿಮ್ಮ ಹತ್ತಿರ ಬಂದಾಗ ಹೇಳಿದ್ದು ಆ ಸುಳ್ಳು. ನಿಮಗೆ ನೋವಾಗಬಾರದೆಂದು ಹೇಳಿದೆ ಅಂದರೆ ಕೇಳಲು ಚೆನ್ನಾಗಿರುತ್ತದೆ. ನಿಮ್ಮ ಕಣ್ಣಲ್ಲಿ ನಾನು ಸಣ್ಣವಳಾಗಬಾರದಿತ್ತು, ಅಷ್ಟೇ.

ಭಾಗಿ ಬಿದ್ದದ್ದು ನೀವು ಹೋಗಿ ಒಂದು ತಿಂಗಳಿಗೆ. ಕಾಲಿಗೆ ಕಟ್ಟಿದ ಗಂಟನ್ನು ತಾನೇ ಬಿಚ್ಚಿಕೊಂಡು ಕಟಕಟೆಯಿಲ್ಲದ ಮೆಟ್ಟಿಲು ಹತ್ತಿದ್ದಳು. ಜೀವಕ್ಕೇನೂ ಆಗಲಿಲ್ಲ. ಎಡಗಾಲಿನ ಮೂಳೆ ಸೊಟ್ಟಗೆ ಕೂಡಿಕೊಂಡಿದೆ, ಎಳೆದುಕೊಂಡು ನಡೆಯುತ್ತಾಳೆ. ನಾನು ನೋಡಲು ಹೋದೆ, ಒಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟೆ. ಬಿಸ್ಕತ್ತು ಕೊಟ್ಟದ್ದನ್ನು ಬರೆಯುವಾಗಲೂ ನನಗೆ ಏನೂ ಅನ್ನಿಸುತ್ತಿಲ್ಲ. ಅನ್ನಿಸಬೇಕು ಎಂದು ಮಾತ್ರ ಗೊತ್ತಿದೆ.

ಮರುದಿನ ನಮ್ಮ ನಿರ್ದೇಶಕರ ಕೋಣೆಗೆ ಹೋಗಿ ಆ ಪುಟ ತಪ್ಪು ಅಂದೆ. ಅವರು ಕೆಟ್ಟವರಲ್ಲ, ನಿಮ್ಮ ಸಂತಾಪ ಸಭೆಯಲ್ಲಿ ಕುರ್ಚಿ ಸಿಗದೆ ಪೂರ್ತಿ ಹೊತ್ತು ನಿಂತಿದ್ದವರು. ಎಲ್ಲ ಕೇಳಿ ಶಾಂತವಾಗಿ ಇಂಗ್ಲಿಷಿನಲ್ಲಿ ಹೇಳಿದರು: ತಿದ್ದುಪಡಿ ಹಾಕೋಣ, ಆದರೆ ತಪ್ಪು ಎಲ್ಲಿಂದ ಬಂತು ಎಂದು ಬರೆಯಬೇಕಾಗುತ್ತದೆ. ಶಶಿಕಲಾ, ನಿಮ್ಮ ಹೆಸರಾದರೆ ಸಮಿತಿ, ವಿಚಾರಣೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಮಕ್ಕಳು ಅಲ್ಲಿಯವರೆಗೆ ಕಾಯಬೇಕೇ? ಸಲಹೆಗಾರರ ಸೂಚನೆಯಂತೆ ಎಂದು ಬರೆದರೆ ಇವತ್ತೇ ಮುಗಿಯುತ್ತದೆ. ಅವರಂತೂ ಈಗಿಲ್ಲ, ಅವರಿಗೇನು ತೊಂದರೆ?

ನಾನು ಸಹಿ ಹಾಕಿದೆ, ಮಾಸ್ತರೇ. ಹೆಂಗಸರ ವರ್ಗೀಕರಣದಲ್ಲಿ ಆದ ತಪ್ಪು ದಿವಂಗತ ಸಲಹೆಗಾರರ ಸೂಚನೆಯಿಂದ ಆದದ್ದು ಎಂಬ ಎರಡು ಸಾಲಿನ ಟಿಪ್ಪಣಿ. ನೀವಿದ್ದಿದ್ದರೂ ಹೀಗೇ ಮಾಡು ಅನ್ನುತ್ತಿದ್ದಿರಿ, ನನ್ನ ಹೆಸರು ಹೋದರೆ ಹೋಗಲಿ, ಕೂಸುಗಳಿಗೆ ನೆರಳಾಗಲಿ ಅನ್ನುತ್ತಿದ್ದಿರಿ ಎಂದು ಮನೆಗೆ ಹೋಗುವವರೆಗೂ ನನಗೆ ನಾನೇ ಹೇಳಿಕೊಂಡೆ. ಅನ್ನುತ್ತಿದ್ದಿರೇನೋ. ಆದರೆ ಅದನ್ನು ನೀವು ಹೇಳಬೇಕಿತ್ತು, ನಾನು ಅಲ್ಲ.

ಗಚ್ಚಿಬೌಲಿಯ ಕಟ್ಟಡ ಮುಗಿದು ಆ ಜನರನ್ನೆಲ್ಲ ಉಪ್ಪಲ್ ಕಡೆಯ ಹೊಸ ಸೈಟಿಗೆ ಕಳಿಸಿದ್ದರು. ತಿದ್ದುಪಡಿ ನೋಡಿ ಅಲ್ಲಿ ಶೆಡ್ಡಿಗೆ ಕಂಪನಿಯಿಂದ ಆದೇಶವಾಯಿತು. ಶುರುವಾದ ದಿನ ಹೋಗಿದ್ದೆ. ಸೈಟಿನ ಮ್ಯಾನೇಜರು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಹಿಂದಿಯಲ್ಲಿ ಹೇಳಿದ: ನಿಮ್ಮ ಹತ್ತಿರ ಬರುತ್ತಿದ್ದ ಆ ಪ್ರೊಫೆಸರ್ ನೀವು ಕೆಲಸ ಮಾಡುವುದಿಲ್ಲ ಎಂದು ಬರೆದಿದ್ದರಂತೆ, ಅದಕ್ಕೇ ಹಳೇ ಶೆಡ್ ಹೋದದ್ದು, ಈಗ ಸರಿಯಾಗಿದೆ. ಸಾಬಮ್ಮ ಭಾಗಿಯನ್ನು ಕಂಕುಳಲ್ಲಿಟ್ಟುಕೊಂಡು, ಅಲ್ಲಿ ಹಂಚಿದ ಚಾದ ಲೋಟ ಹಿಡಿದೇ ನನ್ನ ಹತ್ತಿರ ಬಂದಳು. "ಆ ಮಾಸ್ತರಾ? ನಮ್ಮ ಕೂಡ ಕುಂತು ಚಾ ಕುಡದು, ಮನಿಗೆ ಹೋಗಿ ಹಿಂಗ ಬರದ್ರೇನ್ರಿ ಅಕ್ಕೋರ?" ನಾನು, "ಚಾ ಆರಾಕತ್ತೈತಿ, ಕುಡಿ" ಅಂದೆ. ಹಿಂದಿನಿಂದ ಯಾರೋ ನಿಮಗೆ ಶಾಪ ಹಾಕಿದ್ದು ಕೇಳಿಸಿತು. ಕೇಳಿಸಿಕೊಂಡೇ ಬಸ್ ಹತ್ತಿದೆ.

ಮೊನ್ನೆ ತರಗತಿಯಲ್ಲಿ ಅದೇ ಹೆಚ್ಚುವರಿ ಕೈಗಳ ಅಧ್ಯಾಯ ಬಂತು. ನಿಮ್ಮ ಪಾಠವನ್ನು ಈಗ ನಾನೇ ಮಾಡುತ್ತೇನೆ, ವಾರಕ್ಕೆರಡು ದಿನ ಕರೆಯುತ್ತಾರೆ. ನೀವು ಹೇಳಿದ್ದನ್ನೆಲ್ಲ ಹೇಳಿದೆ. ಮೈಸೂರಿನ ಒಬ್ಬ ಹುಡುಗಿ ವರದಿಯನ್ನೂ ಟಿಪ್ಪಣಿಯನ್ನೂ ಓದಿಕೊಂಡು ಬಂದಿದ್ದಳು. "ಹಾಗಾದರೆ ಕೊನೆಗೆ ಅವರೂ ಹೊರಗಿನ ಫಾರಮ್ಮನ್ನೇ ನಂಬಿದರು, ಅಲ್ವಾ ಮೇಡಂ? ನಮ್ಮದೇ ರೀತಿಯಲ್ಲಿ ನೋಡೋದು ಅವರಿಂದಲೂ ಆಗಲಿಲ್ಲ ಅಂದ್ರೆ ಬಹುಶಃ ಆಗೋದೇ ಇಲ್ಲವೇನೋ." ಅವಳು ಅದನ್ನು ಬಹಳ ಗೌರವದಿಂದಲೇ ಹೇಳಿದಳು. ಅರ್ಧದಷ್ಟು ಮಂದಿ ತಲೆಯಾಡಿಸಿದರು. ನೀವು ಇಡೀ ಜೀವಮಾನ ಹೇಳಿದ ಮಾತು ನನ್ನ ಎರಡು ಸಾಲಿನಿಂದ ಅಲ್ಲಿ ಬಿದ್ದುಹೋಯಿತು. ಗಂಟೆ ಹೊಡೆಯಿತೆಂದು ನಾನು ಪುಸ್ತಕ ಮುಚ್ಚಿದೆ.

ಆ ಸಂಜೆ ಶೆಡ್ಡಿನ ಆದೇಶವನ್ನು ತೆಗೆದು ಓದಿದೆ, ಅಲ್ಲಿಯವರೆಗೆ ಓದಿರಲೇ ಇಲ್ಲ. ಹೆಂಗಸರು ದುಡಿಯುತ್ತಿದ್ದಾರೆ, ಆದ್ದರಿಂದ ಶೆಡ್ ಬೇಕು, ಇಷ್ಟೇ ಇತ್ತು. ತಪ್ಪು ಮಾಡಿದವರು ಯಾರು ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಇನ್ನು ನನ್ನ ಹೆಸರು ಬಂದರೂ ಆ ತಗಡನ್ನು ಯಾರೂ ಕೀಳಲಾರರು. ಇಷ್ಟು ದಿನ ನಾನು ಮಕ್ಕಳ ಮರೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ, ಅಷ್ಟೇ. ನಿರ್ದೇಶಕರಿಗೆ ಪತ್ರ ಬರೆದೆ: ಸಲಹೆಗಾರರು ಸೂಚನೆ ಕೊಟ್ಟದ್ದು ಆ ತಪ್ಪನ್ನು ತಿದ್ದಲೆಂದು, ಅದನ್ನು ಅಳಿಸಿದವಳು ನಾನು. ನಿನ್ನೆ ಅವರ ಕೈಗೇ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಇದು ಬೇಕಿತ್ತೇ ಎಂದು ಮಾತ್ರ ಕೇಳಿದರು. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಮೈಸೂರಿನ ಹುಡುಗಿಗೆ ಸೋಮವಾರ ತರಗತಿಯಲ್ಲೇ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಉಪ್ಪಲ್‌ಗೆ ಹೋಗಿ ಬಂದೆ. ಕಾಂಕ್ರೀಟ್ ಮಷೀನು ಕೆಟ್ಟು ನಿಂತಿತ್ತು, ಹೆಂಗಸರು ಇಟ್ಟಿಗೆಯ ಮೇಲೆ ಕೂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. "ನೀವು ಕೆಲಸ ಮಾಡಂಗಿಲ್ಲ ಅಂತ ಬರದಾಕಿ ನಾನು. ಮಾಸ್ತರು ಬ್ಯಾಡ ಅಂದಿದ್ರು. ಅವರು ಸತ್ತ ಮ್ಯಾಲೆ ಅವರ ಹೆಸರ ಹಾಕ್ದೆ."

ಸಾಬಮ್ಮ ತಲೆಯ ಸಿಂಬೆಯನ್ನು ತೆಗೆದು ಕೊಡವಿದಳು. "ಹಂಗಾದ್ರ ಇಷ್ಟು ವರ್ಷ ನಾ ಮಲಗೇ ಇದ್ದೆನೇನ್ರಿ ಅಕ್ಕೋರ?" ಅಂದಳು. ನಾನು ಇಲ್ಲ ಅಂದೆ. ಅವಳು ಶೆಡ್ಡಿನ ಕಡೆ, ಭಾಗಿ ಕಾಲೆಳೆಯುತ್ತ ಆಡುತ್ತಿದ್ದ ಕಡೆ ನೋಡಿದಳು. ಆಮೇಲೆ ಸಾಬಮ್ಮ ನನಗಲ್ಲ, ಪಕ್ಕದವಳಿಗೆ ಹೇಳಿದಳು, "ಸತ್ತವರನ್ನ ಬೈದ್ವಿ ನೋಡು ನಾವು. ಬದುಕಿದ್ದಾಕಿ ಮುಂದ ನಿಂತಿದ್ಲು." ಮಷೀನು ಶುರುವಾಯಿತು. ಅವಳು ಬುಟ್ಟಿ ಹೊತ್ತು ನನ್ನನ್ನು ದಾಟಿಕೊಂಡು ಹೋದಳು, ಮತ್ತೆ ತಿರುಗಿ ನೋಡಲಿಲ್ಲ.

ಮಾಸ್ತರೇ, ಉಪ್ಪಲ್‌ನಲ್ಲಿ ಇನ್ನು ಯಾರೂ ನಿಮ್ಮನ್ನು ಬೈಯುವುದಿಲ್ಲ. ಇನ್ನು ಬೈಯುವುದು ನನ್ನನ್ನು. ನಾಳೆಯೂ ಅಲ್ಲಿಗೆ ಹೋಗುತ್ತೇನೆ.

ನಿಮ್ಮ
ಶಶಿ